ಹೆಚ್ಚಿನ ಎರಡು ತಂತಿ

ಮಂಡಿ ಮೊಹಲ್ಲಾದ ಆ ಅಂಗಡಿಗೆ ಬೋರ್ಡಿಲ್ಲ.
ಕೆಳಗೆ ಹತ್ತಿ ಬಡಿದು ಹಾಸಿಗೆ ತುಂಬುವವರು,
ಏಣಿಯಂಥ ಮೆಟ್ಟಿಲು ಹತ್ತಿದರೆ
ಇನಾಯತ್ ಸಾಹೇಬರು, ಒಂದು ಟೇಬಲ್ ಫ್ಯಾನು,
ಕೊರಳಿಗೆ ಹಗ್ಗ ಬಿಗಿದು ತೂಗುಬಿಟ್ಟ ಹನ್ನೊಂದು ಗಿಟಾರು.

“ನೀವು ಬೇಸ್ ನುಡಿಸೋರು. ಇದ್ಯಾಕೆ ಈಗ?” ಎಂದರು.

ಏನು ಹೇಳಲಿ.
ಹತ್ತೊಂಬತ್ತು ವರ್ಷ ಆರ್ಕೆಸ್ಟ್ರಾದಲ್ಲಿ
ಡ್ರಮ್ಮಿನ ಎಡಕ್ಕೆ, ಲೈಟು ಬೀಳದ ಕಡೆ ನಿಂತವನು.
ಪಾಂಡವಪುರ, ಮದ್ದೂರು, ಬನ್ನೂರು,
ಗಣಪತಿ ಕೂರಿಸಿದಲ್ಲೆಲ್ಲ ಪೆಂಡಾಲಿನ ಗೂಟ ನಡುಗಿಸಿದ್ದೇನೆ.
ಮೊನ್ನೆ ಯಾರೋ ಕಳಿಸಿದ ವಿಡಿಯೋ ನೋಡುತ್ತ
ಜಯಶೀಲ ಕೇಳಿದಳು, “ಇದರಲ್ಲಿ ನಿಮ್ಮದು ಯಾವ್ದು?”
ಫೋನಿನ ಪುಟ್ಟ ಸ್ಪೀಕರಿನಲ್ಲಿ
ಕೀಬೋರ್ಡಿತ್ತು, ತಮಟೆಯಿತ್ತು, ಯಾರದೋ ಸೀಟಿಯಿತ್ತು.
ನಾನು ಇರಲೇ ಇಲ್ಲ.
ಬೆರಳು ಮಾತ್ರ ಅಲ್ಲಾಡುತ್ತಿತ್ತು
ಬಸ್ಸಿನ ಗಾಜಿನಾಚೆ ಮಾತಾಡುವವನ ತುಟಿಯ ಹಾಗೆ.

ಅದನ್ನೆಲ್ಲ ಬಿಟ್ಟು,
“ಒಂಬತ್ತು ಸಾವಿರ ಇದೆ” ಎಂದೆ.

ಮೂಲೆಯಲ್ಲೊಬ್ಬ ಪಿಯುಸಿ ಹುಡುಗ
ಹೊಸ ಕರಿ ಗಿಟಾರು ತೊಡೆಯ ಮೇಲಿಟ್ಟು
ಕಾದೆಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಸುತ್ತಿದ್ದ.
ನನ್ನ ಕೈಗೆ ಕೊಟ್ಟರು ಕೆಂಪನೆಯದೊಂದು, ಹನ್ನೊಂದೂವರೆ.
ಒಂದು ಮನೆಗೆ ಒಂದು ಬೆರಳೆಂದು
ಗೇಣುಗೇಣು ದೂರ ನಡೆದು ಬೆಳೆದ ಕೈ ನನ್ನದು,
ಇಲ್ಲಿ ಮೂರು ಬೆರಳು ಒಂದೇ ಹೊಸಿಲಲ್ಲಿ ತಳ್ಳಾಡಿದವು.
ತಂತಿಯೋ, ಹೂ ಕಟ್ಟುವ ದಾರ.
ಎಲ್ಲಿ ತುಂಡಾಗುತ್ತದೋ ಎಂದು
ಹಸುಗೂಸಿನ ಉಗುರು ಕತ್ತರಿಸುವಂತೆ ಮೀಟಿದೆ.

ಆದರೆ ಹಗಲು ಹೊತ್ತು ಮೇಟಗಳ್ಳಿಯಲ್ಲಿ ಲೇತ್ ತಿರುಗಿಸುವವನು ನಾನು.
ಒಂದು ಕಣ್ಣು ಮುಚ್ಚಿ, ಕೆಂಪಿನ ಕತ್ತಿನುದ್ದಕ್ಕೂ ನೋಡಿದೆ,
ಶಾಫ್ಟು ನೋಡುವ ಹಾಗೆ.
ಕೂದಲೆಳೆಯಷ್ಟು ತಿರುಚಿತ್ತು.
ಬಿಳಿಯದು ಬೆನ್ನು ಬಾಗಿತ್ತು.
ಸೂರ್ಯಕಾಂತಿ ಬಣ್ಣದ್ದು ಸರಿಯೇ ಇತ್ತು, ಬೆಲೆ ಇರಲಿಲ್ಲ ಸರಿ.

ಫ್ಯಾನಿನ ಹಿಂದೆ ಗಿಳಿಹಸಿರಿನದೊಂದು.
ಯಾರೋ ಸ್ಟಿಕ್ಕರ್ ಕೆರೆದ ಗಾಯ,
ಜ್ಯಾಕು ಸಡಿಲ, ಅಲ್ಲಾಡಿಸಿದರೆ ಕೆಮ್ಮು.
ಕತ್ತಿನ ಅಂಚಿಗೆ ಹೆಬ್ಬೆರಳು ಎಳೆದೆ,
ಫ್ರೆಟ್ಟಿನ ತುದಿಗಳೆಲ್ಲ ಜಾಲಿಮುಳ್ಳು.
“ಅದು ಬೇಡ, ಕೈ ಕುಯ್ಯುತ್ತೆ. ಎರಡು ಸಲ ವಾಪಸ್ ಬಂದಿದೆ.”
ನನಗೆ ನಗು ಬಂತು.
ಬರ್ ಎತ್ತೋದೇ ನನ್ನ ಅನ್ನ, ಸಾಹೇಬರೇ.
ಕಣ್ಣು ಮುಚ್ಚಿ ನೋಡಿದೆ:
ಕತ್ತು ನೇರ, ತೂಗುಗುಂಡಿನ ದಾರ.

“ನುಡಿಸಿ ನೋಡಿ” ಎಂದು ತಂತಿ ಸಿಕ್ಕಿಸಿ ಕೊಟ್ಟರು.
ರಾಗ ಯಾವುದೂ ನೆನಪಾಗಲಿಲ್ಲ.
ಬೆರಳು ತಾನೇ ದಪ್ಪ ತಂತಿಗಿಳಿಯಿತು,
ದುಂ… ದುಂದುಂ… ದುಂ…
ಪೆಂಡಾಲಿನ ಹಳೇ ನಡಿಗೆ.
ಮೂಲೆಯ ಸಾಸಿವೆ ನಿಂತಿತು.
ಮತ್ತೆ ಶುರುವಾಯಿತು, ಈ ಸಲ ಬಿಡಿಬಿಡಿಯಾಗಿ,
ನನ್ನ ಮೇಲೆ ಕಾಲಿಟ್ಟು.
ಸಾಹೇಬರ ಪೆನ್ನು ರಸೀದಿ ಪುಸ್ತಕದ ಮೇಲೆ ತಟ್ಟಿತು.
ನಾನು ಕೈ ತೆಗೆದಾಗ ಹುಡುಗ,
“ನಿಲ್ಲಿಸ್ಬೇಡಿ ಅಂಕಲ್, ಬಿದ್ದೋಗ್ತೀನಿ.”

ಕೇಳಿಸಿಕೊಳ್ಳಲು ಬಂದವನು
ಮತ್ತೆ ನೆಲವಾಗಿದ್ದೆ. ಬೇಜಾರೇನೂ ಆಗಲಿಲ್ಲ,
ನಿಜ ಹೇಳಬೇಕೆಂದರೆ.

ಆರೂವರೆ ಸಾವಿರಕ್ಕೆ ಮುಗಿಯಿತು.
ಹೊದಿಕೆಯಿಲ್ಲ. ಅಕ್ಕಿ ಚೀಲದಲ್ಲಿ ಸುತ್ತಿ
ಕತ್ತು ಹೊರಗೆ ಬಿಟ್ಟು ಸಿಟಿ ಬಸ್ಸು ಹತ್ತಿದೆ.
“ಬಾಳೆಗಿಡವೇನಣ್ಣ?” ಎಂದ ಕಂಡಕ್ಟರು
ಹಸಿರು ಕಂಡು.

ಮೂರು ಸಂಜೆ ಅರ ಹಿಡಿದೆ.
ಕಂಚಿನ ಬಣ್ಣದ ಪುಡಿ ಪಂಚೆಯ ಮೇಲೆ.
ಆಮೇಲೆ ಹೆಚ್ಚಿನ ಆ ಎರಡು ತಂತಿ, ಸಣ್ಣವು,
ಬೇರೆಯವರ ಮನೆಯ ಗೇಟು ತೆಗೆದಂತೆ ಮುಟ್ಟಿದೆ.
ಎಂಟೇ ಎಂಟು ಸ್ವರದ ಒಂದು ಎಳೆ,
ಲೇತಿನ ಗುಂಯ್‌ಗುಡುವಿಕೆಯ ಕೆಳಗೆ
ವರ್ಷಗಟ್ಟಲೆ ಗುನುಗಿದ್ದು.
ಫೋನಿನಲ್ಲಿ ಹಿಡಿದು ಜಯಶೀಲಳ ಕೈಗಿಟ್ಟೆ.

ಸೊಪ್ಪು ಸೋಸುತ್ತಿದ್ದವಳು
ಕಿವಿಗೆ ಒತ್ತಿಕೊಂಡು ಪೂರ್ತಿ ಕೇಳಿದಳು.
“ಕೇಳಿಸ್ತು” ಎಂದಳು.
ತುಸು ತಡೆದು,
“ಕೊನೇಲಿ ಒಂದು ಕಡೆ ತಪ್ಪಿದ್ರಲ್ಲ?”

ಹತ್ತೊಂಬತ್ತು ವರ್ಷದಲ್ಲಿ
ಯಾರೂ ಹೇಳಿರಲಿಲ್ಲ ಹಾಗೆ.
“ಹೂಂ, ಹದಿನಾಲ್ಕನೇ ಫ್ರೆಟ್ಟು, ಇನ್ನೂ ಚುಚ್ಚುತ್ತೆ” ಎಂದು
ಅರ ಹುಡುಕಲು ಎದ್ದೆ.