ಬುಧವಾರದ ತೂಕ

ಝುವಾರಿನಗರದ ಗುಡ್ಡದ ಬೆನ್ನಿಗೆ ತಗಡಿನ ಖೋಲಿ,
ಹೊರಗ ಆಷಾಢದ ಮಳಿ.
ತೊಲಿಗೆ ಜೋತುಬಿಟ್ಟ ತಕ್ಕಡಿಯೊಳಗ
ಯಮನವ್ವನ ಮಗ ಈರಣ್ಣ ಒದಿತಾನ, ಮುಳ್ಳು ನಿಲ್ಲವಲ್ದು.
ಹಿಡದು ನಿಲ್ಲಿಸಿ ನೋಡಿದರ ಹತ್ತು ಕಿಲೊ ಇನ್ನೂರು.
ಮೂರು ತುಂಬಿದ ಹುಡುಗ.
ತೋಳಿಗೆ ಸುತ್ತಿದ ಪಟ್ಟಿ ಹಳದಿಗೆ ಬಂದು ನಿಂತಿತು.

ನಾನು ಸಹಾಯಕಿ. ಗಂಜಿ ಕಾಸೂದು, ಕಸ ಹೊಡಿಯೂದು,
ಮತ್ತ ಯಾರೂ ಪಗಾರ ಕೊಡದ ಮೂರನೇ ಕೆಲಸ:
ಸುಲಕ್ಷಾಬಾಯಾರು ಕೊಂಕಣಿಯೊಳಗ ಹೇಳಿದ್ದನ್ನ
ಬಾಗಲಕೋಟಿ ಕನ್ನಡಕ್ಕ ತಿರುವಿ ಹಾಕೂದು,
ರೊಟ್ಟಿ ತಿರುವಿ ಹಾಕಿಧಾಂಗ. ಒಮ್ಮೊಮ್ಮೆ ಹೊತ್ತತೈತಿ.

ಆಫೀಸಿನಿಂದ ಬಂದ ಚಾರ್ಟಿನ್ಯಾಗ
ಸೇಬು, ಹಸಿರು ಹೂಕೋಸು, ನಗೂ ಬೆಳ್ಳನ ಹುಡುಗ.
ಬಾಯಾರು ಅದನ್ನ ಗ್ವಾಡಿ ಕಡೆ ಮುಖ ಮಾಡಿ ತೂಗಹಾಕಿ
ಚೀಲದಿಂದ ಒಂದೊಂದ ತಗದು ಚಾಪಿ ಮ್ಯಾಲ ಇಟ್ಟರು:
ನಾಚ್ಣೆ. ಹಲಸಿನ ಬೀಜ. ಗೋಪುರದಂಥಾ ಕರೇ ಬೆಲ್ಲ.
ಒಂದು ಮುಟಿಗಿ ಒಣ ಸೀಗಡಿ
(ಬಸಲಿಂಗವ್ವ ಗೇಣು ಹಿಂದ ಸರದು ಕುಂತಳು).
ಕಡೀಕ ಒಂದು ಸಿವುಡು ಸೊಪ್ಪು, ಮಳಿಹನಿ ಇನ್ನೂ ಆರದ್ದು.

"ಪೌಷ್ಟಿಕ" ಅಂದರು. ನಾ ಅಂದೆ, "ಮೈಗೆ ಹತ್ತೂದು."
"ಮೊದ್ಲ ಬಾಯಿಗೆ ಹತ್ತಬೇಕಲ್ಲವಾ," ಅಂದಳು ಯಮನವ್ವ.
ನಕ್ಕಿದ್ದಕ್ಕ ತಗಡು ನಡುಗಿತು.
"ಈ ಸೀಮಿ ಊಟ" ಅಂದರು.
"ಯಾವ ಸೀಮಿ?" ಕೇಳಿದಳು ಹುಸೇನಬಿ,
ಇಳಕಲ್ಲಿನಿಂದ ಬಸ್ಸಿನ್ಯಾಗ ಜ್ವಾಳದ ಹಿಟ್ಟು ಹೊತ್ತು ತರೂಕಿ,
"ನಂದು ಅಲ್ಲೀದು. ಮಗಳು ಹುಟ್ಟಿದ್ದು ಚಿಖಲಿ ದವಾಖಾನ್ಯಾಗ.
ರೇಷನ್ ಅಕ್ಕಿ ಯಾವ ನಾಡಿಂದೋ.
ಕೂಸಿನ ಹೊಟ್ಟಿಗೆ ಯಾವ ಊರು, ಹೇಳ್ರಿ?"

ಇದನ್ನ ಕೊಂಕಣಿಗೆ ತಿರುವಾಕ ನನಗ ಬರಲಿಲ್ಲ.
ಅರ್ಧಾ ಹೇಳಿದೆ. ಬಾಯಾರು ಸುಮ್ಮನ ಸೊಪ್ಪು ಎತ್ತಿ ಹಿಡದರು:
"ತಾಯ್ಕಿಳೊ."
ಯಮನವ್ವ ಬಾಗಿ ಒಂದೆಲಿ ಕಿತ್ತು, ಬೆರಳಾಗ ತಿಕ್ಕಿ ಮೂಸಿದಳು.
"ಅಯ್ಯ, ತಗಚಿ! ನಮ್ಮವ್ವ ಬ್ಯಾಳಿ ಹಾಕಿ ಮಾಡತಿದ್ಲು.
ಇಲ್ಲೂ ಬೆಳಿತೈತೇನ ಇದು?"
ಆರು ಮಳಿಗಾಲ ದಿನಾ ಅದನ್ನ ತುಳದೇ ಕೆಲಸಕ್ಕ ಹೋದಾಕಿ.

ಮಾತು ಅಲ್ಲಿಗೇ ಮುಗದಿದ್ದರ ಕಥಿ ಚಲೋ ಇತ್ತು.
ಖರೆ ಏನಂದ್ರ, ಯಮನವ್ವ ಆರಕ್ಕ ಸಿಮೆಂಟ್ ಬುಟ್ಟಿ ಹೊರಾಕ ಹೋದರ
ಬರೂದು ದೀಪ ಹಚ್ಚಿದ ಮ್ಯಾಲ.
ಈರಣ್ಣಗ ಉಣಿಸಾಕಿ
ಬಾಗಿಲ ಚೌಕಟ್ಟಿಗೆ ಒರಗಿ ನಿಂತ ಎಂಟು ವರ್ಷದ ಸಿದ್ದವ್ವ,
ಕೈಯಾಗ ಅವ್ವ ಕೊಟ್ಟ ಹತ್ತು ರೂಪಾಯಿ,
ಅಂದ್ರ ಎರಡು ಖಾರದ ಪಾಕೀಟು, ತಮ್ಮಗೊಂದು, ತನಗೊಂದು.
ಒಂದು ವರ್ಷ ನಾವು ಪಾಠ ಹೇಳಿದ್ದು
ಒಲಿ ಮುಂದ ಇಲ್ಲದ ಹೆಂಗಸರಿಗೆ.
ಆಕಿಗೆ ಯಾರೂ ಚಾಪಿ ಹಾಸಿದ್ದಿಲ್ಲ.

ಮುಂದಿನ ಬುಧವಾರ ಬಂದಳು, ಫ್ರಾಕಿನ ಉಡಿ ತುಂಬ ಹಸಿರು.
ಅರ್ಧ ತಗಚಿ, ಅರ್ಧ ಎಂಥದೋ ಕಸ.
ಮೊಣಕಾಲ ಬ್ಯಾನಿ ಮರತು ಬಾಯಾರು ನೆಲಕ್ಕ ಕುಂತರು,
ಎಲಿ ಆರಿಸಿ ತೋರಿಸಿದರು: ಮೂರು ಜೋಡಿ, ತುದಿ ದುಂಡಗ,
ಸಂಜಿಗೆ ಕೈ ಮುಗದು ಮಲಗತೈತಿ.
ಗಟಾರದ ಬಾಜೂದ್ದು ಬ್ಯಾಡ, ಗುಡ್ಡದ ಮ್ಯಾಲಿಂದು ತಾ.
ನಾ ತಿರುವಿ ಹೇಳೂದರೊಳಗ ಹುಡುಗಿ ಗೋಣು ಹಾಕಿದ್ಲು.
ಕೊಂಕಣಿ ಆಕಿಗೆ ಬೀದ್ಯಾಗ ಬಂದಿತ್ತು.
ನನ್ನ ಮೂರನೇ ಕೆಲಸ ಅವತ್ತ ಹೋತು.

ನಾಚ್ಣೆ ಹಿಟ್ಟು ತಣ್ಣೀರಾಗ ಕಲಸೂದು ಸಿದ್ದವ್ವ,
ಒಲಿ ಹಚ್ಚೂದು ನಾನು, ಅಷ್ಟು ಕರಾರು.
ಮೊದಲ ದಿನ ಈರಣ್ಣ ಉಗುಳಿದ. ಮರುದಿನ ನನ್ನ ಸೀರಿಗೆ.
ಮೂರನೇ ದಿನ ಬೆಲ್ಲ ಕೈ ತಪ್ಪಿ ಹೆಚ್ಚಾತು,
ಬಟ್ಟಲಾ ನೆಕ್ಕಿದ, ಬಟ್ಟಲಾ ಬಡದ, ಮತ್ತ ಬೇಕಂದ.

ಆಗಸ್ಟಿನ ತೂಕ ಹತ್ತು ಕಿಲೊ ಮುನ್ನೂರು.
ಆ ನೂರು ಗ್ರಾಂ ಅವ ಒದ್ದದ್ದೂ ಇರಬಹುದು.
ರಜಿಸ್ಟರಿನ್ಯಾಗ ಬರದೆ.
ಪಾಕೀಟು ನಿಂತಿಲ್ಲ, ಎರಡಿದ್ದದ್ದು ಒಂದಕ್ಕ ಇಳದೈತಿ,
ಅಕ್ಕ ತಮ್ಮ ಅದಕ್ಕ ಜಗಳಾಡತಾರ.

ಸಂಜಿ ಮುಂದ ಕದ ಹಾಕುವಾಗ
ಗುಡ್ಡದ ಮ್ಯಾಲಿಂದ ಕೂಗತಾಳ ಸಿದ್ದವ್ವ:
"ಅಕ್ಕಾ, ಲಗೂ ಬಾ,
ಎಲಿ ಮಲಗಾಕತ್ತಾವ."