ಗಂಟೆಯ ನಾಲಗೆ

ಸೊರಬ ರಸ್ತೆಯ ಅಕ್ಕಿ ಗಿರಣಿಯ ಗೋಡೆ
ಮೂವತ್ತೊಂದು ವರ್ಷದಿಂದ ನನ್ನದು.
ಮಾಲೀಕ ಬೇರೆ. ಬರೆಯುವವ ನಾನು.
ಮೊದಲು ಸುಣ್ಣ, ಒಣಗಿದ ಮೇಲೆ ದಾರ ಹಿಡಿದು ಗೆರೆ,
ಆಮೇಲೆ ಹಳದಿಯಲ್ಲಿ ಗಂಟೆ, ಮೂರಡಿ.
ಪಕ್ಕದಲ್ಲಿ, ಒಂದೇ ಅಡಿಯಲ್ಲಿ, ನಿಂತವರ ಹೆಸರು.
ಹೆಸರು ಗಂಟೆಗಿಂತ ದೊಡ್ಡದಾಗಬಾರದು
ಅಂತ ಹೇಳಿಕೊಟ್ಟವರು ಓಂಕಾರಪ್ಪ ಮೇಷ್ಟ್ರು.
"ಮನುಷ್ಯ ಬರ್ತಾನೆ, ಹೋಗ್ತಾನೆ.
ನಾಲಗೆ ಮರೀಬೇಡ ಮಾರಾಯ,
ನಾಲಗೆ ಇಲ್ಲದ ಗಂಟೆ ಅಂದ್ರೆ ಬೋರಲು ಹಾಕಿದ ಚೊಂಬು."

ಸೋಲುತ್ತಲೇ ಇದ್ದ ಪಕ್ಷ ನಮ್ಮದು.
ಸೋತ ರಾತ್ರಿ ಪೈಗಳ ಅಂಗಡಿ ಹಿಂದೆ
ಮೇಷ್ಟ್ರು ಕೂತು ಲೆಕ್ಕ ಬರೆಯುತ್ತಿದ್ದರು:
ಸೀಮೆಎಣ್ಣೆ ಇಷ್ಟು, ಅವಲಕ್ಕಿ ಇಷ್ಟು,
ಸುಣ್ಣ ಮಿಕ್ಕಿದ್ದು ಅರ್ಧ ಡಬ್ಬ, ವಾಪಸ್ಸು.
ಆ ಅರ್ಧ ಡಬ್ಬದ ಮೇಲೆ ನನಗೆ ಬಂದ ನಂಬಿಕೆ
ದೇವರ ಮೇಲೂ ಬಂದಿರಲಿಲ್ಲ.

ಕೊನೆಗೆ ಗೆದ್ದೆವು.
ಜಯದೇವ ನಗರಸಭೆ ಅಧ್ಯಕ್ಷನಾದ ದಿನ
ಮೇಷ್ಟ್ರು ಪಂಚೆಯ ತುದಿಯಲ್ಲಿ ಕನ್ನಡಕ ಒರೆಸಿಕೊಂಡರು,
ಎರಡು ಸಲ.
ನಮ್ಮ ಹುಡುಗ. ನನ್ನ ಏಣಿ ಹಿಡಿದು ಬೆಳೆದವನು.
"ಸಾಲ ಮಾಡೋದಿಲ್ಲ, ನೆಂಟರಿಗೆ ಕೆಲಸ ಕೊಡೋದಿಲ್ಲ,
ಸಭೆಯ ಚಹಾಕ್ಕೆ ನನ್ನ ಜೇಬು" ಅಂದಿದ್ದ.
ಗೋಡೆಗೆ ಬರೆದವನು ನಾನೇ, ಒಂದು ಒತ್ತಕ್ಷರ ತಪ್ಪದೆ.

ಸಾಲ ಬಂತು. ಭಾಮೈದ ಬಂದ.
ಚಹಾದ ಮಾತು ಬಿಡಿ,
ಮೊನ್ನೆಯವರೆಗೂ ನಮ್ಮ ಗೋಡೆಗೆ ಸಗಣಿ ಎರಚಿದವರು
ಅವನ ಬಲಗಡೆ, ಕಾಲ ಮೇಲೆ ಕಾಲು.
ಮೇಷ್ಟ್ರು ಜವಾನನ ಹತ್ತಿರ ಹೆಸರು ಬರೆಸಿ
ಬೆಂಚಿನ ಮೇಲೆ, ಒಂದೂಮುಕ್ಕಾಲು ಗಂಟೆ.

ಪೈಗಳು ಮೊದಮೊದಲು ಅಂದರು:
ಅವನು ಒಳ್ಳೆಯವನೇ, ಸುತ್ತ ಇರುವವರು ಸರಿ ಇಲ್ಲ.
ಆಮೇಲೆ: ಆಚೆಯವರಾಗಿದ್ದರೆ ಇನ್ನೂ ಕೆಡುತ್ತಿತ್ತು.
ಆಮೇಲೆ ಸುಮ್ಮನೆ ಬೆಲ್ಲದ ಅಚ್ಚು ಎಣಿಸುತ್ತಾ ಕೂತರು.

ನಾನೂ ಅಷ್ಟೆ.
ಕ್ಷೌರದಂಗಡಿಯಲ್ಲಿ ಆಚೆ ಪಕ್ಷದ ಗುತ್ಯಪ್ಪ
"ಏನು ಪೇಂಟ್ರೇ, ನಿಮ್ಮ ಹುಡುಗ?" ಅಂತ ನಕ್ಕಾಗ
ಅರ್ಧ ಮುಖದ ನೊರೆಯಲ್ಲೇ ಜಗಳಕ್ಕೆ ನಿಂತೆ.
ಅವನು ಹೇಳಿದ್ದು ಒಂದೊಂದೂ
ಹಿಂದಿನ ರಾತ್ರಿ ನಾನೇ ಹೆಂಡತಿಗೆ ಹೇಳಿದ್ದು.
ಮನೆಗೆ ಬಂದರೆ ಅವಳು ಏನೂ ಕೇಳದೆ
ಕಿವಿಯ ಹಿಂದೆ ಒಣಗಿದ್ದ ನೊರೆ ಒರೆಸಿದಳು.

ಈಗ ಮತ್ತೆ ಚುನಾವಣೆ.
ಗಣಪತಿ ಕೆರೆ ಏರಿಯ ಮೇಲೆ ಫ್ಲೆಕ್ಸು.
ಟೇಪು ಹಿಡಿದು ಅಳೆದೆ, ಕಸುಬಿನ ಚಟ.
ಮುಖ ಹನ್ನೊಂದಡಿ.
ಹಲ್ಲು ಒಂದೊಂದೂ ಇಟ್ಟಿಗೆಯಷ್ಟು.
ಗಂಟೆ, ಕೆಳಗೆ ಮೂಲೆಯಲ್ಲಿ,
ಪ್ರಿಂಟು ಹಾಕಿದವನ ಫೋನ್ ನಂಬರಿನ ಪಕ್ಕ,
ನನ್ನ ಹೆಬ್ಬೆಟ್ಟಿಗೆ ಮುಚ್ಚಿಹೋಯಿತು.
ಬೆರಳು ತೆಗೆದು ನೋಡಿದೆ.
ನಾಲಗೆ ಇಲ್ಲ.
ಯಾರೋ ಹುಡುಗ ಕಂಪ್ಯೂಟರಿನಲ್ಲಿ ಮಾಡಿದ್ದು, ಅವನ ತಪ್ಪಲ್ಲ.

ಮೇಷ್ಟ್ರಿಗೆ ಹೋಗಿ ಹೇಳಿದೆ.
ಬಹಳ ಹೊತ್ತಿನ ಮೇಲೆ
"ಆಚೆಯವರಿಗೆ ಒತ್ತಲಿಕ್ಕೆ ಬೆರಳು ಬರೋದಿಲ್ಲ" ಅಂದರು.
"ಇವನಿಗೆ?" ಅಂದೆ.
ಎದ್ದು ಒಳಗೆ ಹೋಗಿ
ಆ ಹಳೇ ಲೆಕ್ಕದ ಪುಸ್ತಕ ತಂದು ಕೈಗಿಟ್ಟರು,
ಇಟ್ಕೋ, ನಮ್ಮನೇಲಿ ಗೆದ್ದಲು.

ಇವತ್ತು ಬೆಳಿಗ್ಗೆ ಗಿರಣಿಯ ಗೋಡೆ.
ಯಾರೂ ಕರೆದಿಲ್ಲ, ಕೂಲಿ ಇಲ್ಲ.
ಸುಣ್ಣ ಎದ್ದು ಹಳೇ ಹಳದಿ ಇಣುಕುತ್ತಿತ್ತು.
ಹೆಸರು ಬರೆಯಲಿಲ್ಲ.
ಗಂಟೆ ಪೂರ್ತಿ ಬರೆಯುವಷ್ಟು ಬಣ್ಣವೂ ಇರಲಿಲ್ಲ.
ಇದ್ದಷ್ಟರಲ್ಲಿ, ಮಸುಕು ಗೆರೆಗಳ ನಡುವೆ,
ನಾಲಗೆಯೊಂದನ್ನು ತಿದ್ದಿದೆ.

"ಏನಣ್ಣ ಅದು, ನೀರಿನ ಹನಿಯಾ?"
ಗಿರಣಿಯ ಹುಡುಗ ಕೆಳಗಿನಿಂದ ಕೇಳಿದ.
ಏಣಿ ಸ್ವಲ್ಪ ಅಲ್ಲಾಡುತ್ತಿತ್ತು.
ಮೊದಲು ಇದನ್ನು ಹಿಡ್ಕೊಳ್ಳೋ, ಅಂದೆ.