ಸೀಸದ ಹಸು

ಕಿತ್ತಳೆ ಗಿಡ ಒಂದೂ ಕಾಣದ ಆರೆಂಜ್ ಎಂಬ ಊರು.
ಹೊರಗೆ ಸೇಬಿನ ತೋಟಗಳ ಮೇಲೆ ಜುಲೈ ತಿಂಗಳ ಇಬ್ಬನಿ ಕಲ್ಲಾಗಿದೆ.
ಒಳಗೆ, ಆಸ್ಪತ್ರೆಯ ರಾತ್ರಿ ಪಾಳಿಯವರ ಊಟದ ಕೋಣೆಯಲ್ಲಿ,
ಮೈಕ್ರೋವೇವಿನ ಪಕ್ಕ ಪುಸ್ತಕ ಬಿಚ್ಚಿದ್ದೇನೆ.
ಸೀಟು ಒಂದು, ಅರ್ಜಿ ನಲವತ್ತೊಂದು,
ಪರೀಕ್ಷೆ ಶನಿವಾರ.

ಏಳನೆಯ ಅಧ್ಯಾಯದಲ್ಲಿ ಹಸು ಬಂತು.
ಕಣ್ಣುಜ್ಜಿಕೊಂಡು ಮತ್ತೆ ಓದಿದೆ. ಹಸುವೇ.
ಸೀಸದ ಡಬ್ಬಿಯೊಳಗೆ ಮಾಲಿಬ್ಡಿನಮ್ ಕೂತಿರುತ್ತದಂತೆ,
ಅದು ಕರಗುತ್ತ ಕರಗುತ್ತ ಟೆಕ್ನೀಷಿಯಮ್ ತೊರೆಬಿಡುತ್ತದಂತೆ,
ದಿನಾ ಬೆಳಿಗ್ಗೆ ಉಪ್ಪುನೀರು ಹಾಯಿಸಿ
ಕರೆದುಕೊಳ್ಳುತ್ತಾರಂತೆ.
ಕರೆಯುವುದು ಎಂದೇ ಬರೆದಿದೆ, ನನ್ನ ಮಾತಲ್ಲ.

ನಕ್ಕುಬಿಟ್ಟೆ. ನೆಲ ಒರೆಸುತ್ತಿದ್ದ ಸೇಲಾ ತಿರುಗಿ ನೋಡಿದಳು.
ಹಾಲಿಗೆ ಹನಿ ನೀರು ಬಿದ್ದರೂ
ತಂಬಿಗೆ ಎತ್ತಿ ಅಂಗಳಕ್ಕೆ ಚೆಲ್ಲುತ್ತಿದ್ದಳು
ನಮ್ಮ ಚಿಗವ್ವ ಕಾಳವ್ವ.
ಇಲ್ಲಿ ನೀರು ಹೊಯ್ಯದೆ ಹಾಲೇ ಇಲ್ಲ.

ಅರ್ಧಾಯು ಎನ್ನುವ ಶಬ್ದ ಮೂರು ವಾರದಿಂದ
ಹಲ್ಲಿನ ಸಂದಿಯ ಮಾವಿನ ನಾರು.
ಸೂತ್ರ ಬರೆದೆ, ಹೊಡೆದು ಹಾಕಿದೆ, ಬರೆದೆ.
ಈಗ ಕಾಳವ್ವನ ಗೋಡೆಯ ಮೊಳೆಗಳು ಕಂಡವು:
ಸೇರು, ಅಚ್ಚೇರು, ಪಾವು, ಅರಪಾವು, ಚಟಾಕು.
ಒಂದರ ಪಕ್ಕ ಅದರರ್ಧ, ಅದರ ಪಕ್ಕ ಅದರರ್ಧ,
ಹಿಡಿಗಳೆಲ್ಲ ಅವಳ ಹೆಬ್ಬೆರಳಿಗೆ ಸವೆದವು.
ಸೋಮವಾರ ಬೆಳಿಗ್ಗೆ ಆರಕ್ಕೆ ಮಾಲಿಬ್ಡಿನಮ್ ಸೇರು ತುಂಬಿದ್ದರೆ
ಬುಧವಾರ ನಡುರಾತ್ರಿ ಅಚ್ಚೇರು,
ಶನಿವಾರ ಸಂಜೆ ಆರಕ್ಕೆ ಪಾವು.
ಕೊನೆಯ ಪುಟದ ಉತ್ತರ ನೋಡಿದೆ. ಸರಿ.

ಮುಂಜಾನೆ ಲಾರಿ ಬರಲಿಲ್ಲ.
ಬ್ಲೂ ಮೌಂಟನ್ಸ್ ದಾರಿ ಹಿಮ ಬಿದ್ದು ಮುಚ್ಚಿದೆಯಂತೆ,
ಯಾವುದೋ ತಿರುವಿನಲ್ಲಿ ಹಸು ನಿಂತಲ್ಲೇ ಬತ್ತುತ್ತಿದೆ.
ಹೋದ ವಾರದ್ದನ್ನೇ ಹಿಂಡಿದರು.
ಒಬ್ಬರಿಗೆ ಸಾಕಾಯಿತು.

ಆ ಒಬ್ಬರು ಕಾಲಿನ್ ಟ್ರೆಲೋರ್,
ನಲವತ್ತು ವರ್ಷ ಕುರಿಗಳ ಉಣ್ಣೆ ಕತ್ತರಿಸಿದ ಬೆನ್ನು.
ಸೂಜಿ ಚುಚ್ಚಿಯಾಗಿದೆ, ಮೂರು ತಾಸು ಕಾಯಬೇಕು,
ಆಮೇಲೆ ಎಲುಬು ತಾನೇ ಹೇಳುತ್ತದೆ.
ಸೂಜಿಯೂ ಯಂತ್ರವೂ ಇನ್ನೂ ನನ್ನದಲ್ಲ,
ಗಾಲಿಕುರ್ಚಿ ತಳ್ಳುವುದು ನನ್ನ ಕೆಲಸ.

ಇದು ಮೈಯಲ್ಲಿ ಎಷ್ಟು ಹೊತ್ತು ಇರುತ್ತೆ, ಕೇಳಿದ.
ಆರು ತಾಸಿಗೆ ಅರ್ಧ. ಹನ್ನೆರಡಕ್ಕೆ ಪಾವು, ಎಂದೆ.
ಪಾವು ಕನ್ನಡದಲ್ಲೇ ಬಂತು,
ಏನೆಂದು ಅವನು ಕೇಳಲಿಲ್ಲ.
ನಾಳೆ ಇಷ್ಟೊತ್ತಿಗೆ?
ಚಟಾಕು.
ಆಮೇಲೆ?

ಆಮೇಲಿನ ಅಳತೆಗೆ ಕಾಳವ್ವನ ಗೋಡೆಯಲ್ಲಿ ಮೊಳೆ ಇರಲಿಲ್ಲ.
ನೀರು ಹೆಚ್ಚು ಕುಡಿಯಿರಿ, ಎಂದೆ.
ಲಿಫ್ಟಿನ ಬಾಗಿಲು ತೆರೆಯಿತು.
ಮುಂದಿನ ಗಾಲಿ ಒಂದಿಷ್ಟು ಎತ್ತಿ
ಸಂದಿ ದಾಟಿಸಿದೆ.